ಸೊನ್ನೆಯಿಂದ ಭಾಗಿಸಿದರೂ ಕ್ಯಾಚ್ ಯಾಕೆ ಹಿಡಿಯುತ್ತಿಲ್ಲ?

ಪ್ರಶ್ನೆ: ಸಿ++ನಲ್ಲಿ ಮಳೆ ಲೆಕ್ಕದ ಒಂದು ಪ್ರೋಗ್ರಾಮ್ ಬರೆದಿದ್ದೇನೆ ಸರ್. ಪ್ರತಿ ಮಳೆಮಾಪನ ಕೇಂದ್ರದ ತಿಂಗಳ ಸರಾಸರಿ ತೆಗೆದು, ಅದರಿಂದ ಜಿಲ್ಲೆಯ ಸರಾಸರಿ ತೆಗೆಯುತ್ತದೆ. ಇಂಟೆಲ್ ಲ್ಯಾಪ್‌ಟಾಪ್, ಲಿನಕ್ಸ್, ಜಿಸಿಸಿ ಕಂಪೈಲರ್. ಕೆಲವು ಜಿಲ್ಲೆಗಳಿಗೆ ಉತ್ತರದ ಜಾಗದಲ್ಲಿ 'ಮೈನಸ್ ನ್ಯಾನ್' ಅಂತ ಬರುತ್ತಿದೆ. ಭಾಗಾಕಾರದ ಸುತ್ತ ಟ್ರೈ-ಕ್ಯಾಚ್ ಹಾಕಿ ನೋಡಿದೆ, ಏನೂ ಸಿಕ್ಕಲಿಲ್ಲ. ಇನ್ನೊಂದು ಕಡೆ ಬರೀ ಇಂಟ್ ಲೆಕ್ಕ. ಅಲ್ಲಿ 'ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್, ಕೋರ್ ಡಂಪ್ಡ್' ಅಂತ ಹೇಳಿ ಪ್ರೋಗ್ರಾಮ್ ನಿಂತೇ ಹೋಗುತ್ತದೆ. ಫ್ಲೋಟ್ ಇರುವ ಕಡೆ ಎಕ್ಸೆಪ್ಶನ್ ಇಲ್ಲ, ಇಲ್ಲದ ಕಡೆ ಇದೆ! ಇದನ್ನು ಸರಿಯಾಗಿ ಹಿಡಿಯುವುದು ಹೇಗೆ?

ಉತ್ತರ: ನಿಮ್ಮ ಗೊಂದಲ ನ್ಯಾಯವಾದದ್ದೇ. ಹೆಸರು ಇಟ್ಟವರೇ ಇಷ್ಟು ಗೋಜಲು ಮಾಡಿಟ್ಟಿದ್ದಾರೆ. ಮೊದಲು ಆ ಇಂಟ್ ವಿಷಯ ಮುಗಿಸಿಬಿಡೋಣ, ಅದು ಸಣ್ಣದು.

ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಪ್ರೊಸೆಸರ್ ಅಲ್ಲೇ ನಿಲ್ಲಿಸುತ್ತದೆ. ಕರ್ನಲ್ ನಿಮ್ಮ ಪ್ರೋಗ್ರಾಮಿಗೆ ಸಿಗ್‌ಎಫ್‌ಪಿಇ ಅನ್ನುವ ಸಿಗ್ನಲ್ ಕಳಿಸುತ್ತದೆ. ಯುನಿಕ್ಸ್‌ನ ಕಾಲದಿಂದ ಎಲ್ಲ ಬಗೆಯ ಲೆಕ್ಕದ ತಪ್ಪಿಗೂ ಇದೊಂದೇ ಸಿಗ್ನಲ್. ಹೆಸರಿನಲ್ಲಿ ಮಾತ್ರ ಫ್ಲೋಟಿಂಗ್ ಪಾಯಿಂಟ್ ಉಳಿದುಕೊಂಡಿದೆ. ಬಗ್ ಹುಡುಕುವ ಜಿಡಿಬಿಯಲ್ಲಿ ಓಡಿಸಿದರೆ ಅದು 'ಅರಿತ್‌ಮೆಟಿಕ್ ಎಕ್ಸೆಪ್ಶನ್' ಅನ್ನುತ್ತದೆ, ಅದೇ ಸರಿಯಾದ ಮಾತು. ಅಂದಹಾಗೆ, ಇಂಟ್‌ನ ಅತಿ ಚಿಕ್ಕ ಸಂಖ್ಯೆಯನ್ನು, ಅಂದರೆ -2147483648 ಅನ್ನು, -1ರಿಂದ ಭಾಗಿಸಿದರೂ ಇದೇ ಸಿಗ್ನಲ್ ಬರುತ್ತದೆ. ಉತ್ತರ ಇಂಟ್‌ನಲ್ಲಿ ಹಿಡಿಸುವುದಿಲ್ಲವಲ್ಲ! ಅದೇ 64 ಬಿಟ್ ಎಆರ್‌ಎಂ ಪ್ರೊಸೆಸರಿನಲ್ಲಿ ಇಂಟನ್ನು ಸೊನ್ನೆಯಿಂದ ಭಾಗಿಸಿದರೆ ಸಿಗ್ನಲ್ ಗಿಗ್ನಲ್ ಏನೂ ಇಲ್ಲ, ಸುಮ್ನೆ ಸೊನ್ನೆ ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ಸಿ++ ಮಾನಕದ ಪ್ರಕಾರ ಏನು ಬೇಕಾದರೂ ಆಗಬಹುದು. ಹಾಗಾಗಿ ಇಂಟ್ ಭಾಗಾಕಾರಕ್ಕೆ ಒಂದೇ ದಾರಿ: ಭಾಗಿಸುವ ಮೊದಲೇ ಕೆಳಗಿನ ಸಂಖ್ಯೆ ಸೊನ್ನೆಯೇ ಅಂತ ನೋಡುವುದು.

ಈಗ ಡಬಲ್, ಅಂದರೆ ದಶಮಾಂಶ ಇರುವ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳ ಲೆಕ್ಕ. ನಿಮ್ಮ ಟ್ರೈ-ಕ್ಯಾಚ್ ಕೆಲಸ ಮಾಡದ ಕಾರಣ ಸರಳ. ಸಿ++ನ ಎಕ್ಸೆಪ್ಶನ್ ಅಂದರೆ ಯಾರೋ ಕೋಡ್‌ನಲ್ಲಿ 'ಥ್ರೋ' ಅಂತ ಬರೆದದ್ದು. ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್ ಅಂದರೆ ಪ್ರೊಸೆಸರ್ ತನ್ನೊಳಗಿನ ಒಂದು ರಿಜಿಸ್ಟರಿನಲ್ಲಿ ಒಂದು ಬಿಟ್ ಏರಿಸಿಟ್ಟದ್ದು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಭಾಗಾಕಾರ ಏನನ್ನೂ ಥ್ರೋ ಮಾಡುವುದಿಲ್ಲ, ಕ್ಯಾಚ್‌ಗೆ ಹಿಡಿಯಲು ಏನೂ ಇಲ್ಲ.

ಆ ಬಿಟ್‌ಗಳ ಕಥೆ ಫ್ಲೋಟಿಂಗ್ ಪಾಯಿಂಟ್ ಲೆಕ್ಕದ ಐಟ್ರಿಪಲ್‌ಇ 754 ಮಾನಕದ್ದು. 1985ರಲ್ಲಿ ಬಂತು. ಅದರ ಹಿಂದಿನ ಮುಖ್ಯ ತಲೆ ಬರ್ಕ್ಲಿಯ ವಿಲಿಯಂ ಕಹಾನ್, 1989ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಐದು ಘಟನೆಗಳನ್ನು ಮಾನಕ ಹೆಸರಿಸುತ್ತದೆ. ಅರ್ಥವೇ ಇಲ್ಲದ ಲೆಕ್ಕ ಮಾಡಿದರೆ 'ಇನ್‌ವ್ಯಾಲಿಡ್', ಉತ್ತರ ನ್ಯಾನ್, ಅಂದರೆ 'ನಾಟ್ ಎ ನಂಬರ್', ಸಂಖ್ಯೆಯೇ ಅಲ್ಲ. ಸೊನ್ನೆಯಲ್ಲದ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ 'ಡಿವೈಡ್ ಬೈ ಝೀರೋ', ಉತ್ತರ ಇನ್ಫಿನಿಟಿ. ಡಬಲ್‌ನ ಮಿತಿ, ಸುಮಾರು 1.8 × 10³⁰⁸, ದಾಟಿದರೆ 'ಓವರ್‌ಫ್ಲೋ'. ತೀರಾ ಸಣ್ಣದಾಗಿ ನಿಖರತೆ ಹೋದರೆ 'ಅಂಡರ್‌ಫ್ಲೋ'. ಉತ್ತರವನ್ನು ದುಂಡಾಗಿಸಬೇಕಾಗಿ ಬಂದರೆ 'ಇನ್‌ಎಕ್ಸಾಕ್ಟ್'. ಈ ಐದರಲ್ಲಿ ಯಾವುದು ಆದರೂ ಪ್ರೊಸೆಸರ್ ಮೂರು ಕೆಲಸ ಮಾಡುತ್ತದೆ: ಒಂದು ಒಪ್ಪಿತ ಉತ್ತರ ಕೊಡುತ್ತದೆ, ಆ ಘಟನೆಯ ಫ್ಲ್ಯಾಗ್ (ಮೇಲೆ ಹೇಳಿದ ಬಿಟ್) ಏರಿಸುತ್ತದೆ, ಮುಂದೆ ಹೋಗುತ್ತದೆ. ಫ್ಲ್ಯಾಗ್ ಒಮ್ಮೆ ಏರಿತು ಅಂದರೆ ನೀವಾಗಿ ಇಳಿಸುವ ತನಕ ಹಾಗೇ ಇರುತ್ತದೆ.

ನಿಲ್ಲಿಸದೆ ಮುಂದೆ ಹೋಗುವುದು ಸೋಮಾರಿತನ ಅಲ್ಲ. ಎರಡು ರೆಸಿಸ್ಟರ್‌ಗಳು ಪ್ಯಾರಲಲ್‌ನಲ್ಲಿವೆ ಅಂದುಕೊಳ್ಳಿ. ಒಟ್ಟು ರೋಧ ಬೇಕಾದರೆ ಎರಡರ ವಿಲೋಮಗಳನ್ನು ಕೂಡಿ, ಮತ್ತೆ ವಿಲೋಮ ತೆಗೆಯಬೇಕು. ಒಂದರ ರೋಧ ಸೊನ್ನೆ ಆಗಿದ್ದರೆ? 1ನ್ನು 0ಯಿಂದ ಭಾಗಿಸಿದಾಗ ಇನ್ಫಿನಿಟಿ. ಅದಕ್ಕೆ ಇನ್ನೊಂದರ ವಿಲೋಮ ಕೂಡಿದರೂ ಇನ್ಫಿನಿಟಿ. 1ನ್ನು ಇನ್ಫಿನಿಟಿಯಿಂದ ಭಾಗಿಸಿದರೆ 0. ಶಾರ್ಟ್ ಆದ ಸರ್ಕ್ಯೂಟಿಗೆ ಅದೇ ಸರಿಯಾದ ಉತ್ತರ! ಮಧ್ಯದಲ್ಲಿ ಪ್ರೋಗ್ರಾಮ್ ನಿಂತಿದ್ದರೆ ಈ ಉತ್ತರ ಸಿಗುತ್ತಲೇ ಇರಲಿಲ್ಲ.

ನಿಮ್ಮ ಲೆಕ್ಕಕ್ಕೆ ಬರೋಣ. ಇಲ್ಲೊಂದು ಸೂಕ್ಷ್ಮ ಇದೆ, ತುಂಬಾ ಜನ ಇಲ್ಲೇ ಎಡವುತ್ತಾರೆ. ಯಾವುದೋ ಕೇಂದ್ರದಲ್ಲಿ ಆ ತಿಂಗಳು ಒಂದು ದಿನದ ದಾಖಲೆಯೂ ಇಲ್ಲ. ಒಟ್ಟು ಮಳೆ 0.0, ದಿನಗಳ ಎಣಿಕೆ 0. ನೀವು ಮಾಡುತ್ತಿರುವುದು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಕೆಲಸ. ಇದು 'ಡಿವೈಡ್ ಬೈ ಝೀರೋ' ಅಲ್ಲ, 'ಇನ್‌ವ್ಯಾಲಿಡ್'. ಸೊನ್ನೆಯಿಂದ ಭಾಗಿಸಿದ್ದನ್ನು ಹಿಡಿಯುತ್ತೇನೆ ಅಂತ 'ಡಿವೈಡ್ ಬೈ ಝೀರೋ' ಒಂದನ್ನು ಮಾತ್ರ ಕಾಯುತ್ತಾ ಕೂತರೆ ನಿಮ್ಮ ಬಗ್ ಪಕ್ಕದಲ್ಲೇ ಹಾದು ಹೋಗುತ್ತದೆ.

ಆ ಮೈನಸ್ ಗುರುತಿಗೂ ಅರ್ಥ ಹುಡುಕಬೇಡಿ. ಇಂಟೆಲ್ ಪ್ರೊಸೆಸರ್ ತಾನೇ ಹುಟ್ಟಿಸುವ ನ್ಯಾನ್‌ನಲ್ಲಿ ಸೈನ್ ಬಿಟ್ ಏರಿರುತ್ತದೆ, ಪ್ರಿಂಟ್ ಮಾಡುವಾಗ ಅದು ಮೈನಸ್ ಆಗಿ ಕಾಣುತ್ತದೆ. ಎಆರ್‌ಎಂನಲ್ಲಿ ಅದೇ ಪ್ರೋಗ್ರಾಮ್ ಬರೀ 'ನ್ಯಾನ್' ಅನ್ನುತ್ತದೆ.

ಒಂದು ಕೇಂದ್ರದ ನ್ಯಾನ್ ಇಡೀ ಜಿಲ್ಲೆಯನ್ನು ಯಾಕೆ ಕೆಡಿಸಿತು ಅಂದರೆ, ನ್ಯಾನ್‌ಗೆ ಏನು ಕೂಡಿದರೂ ನ್ಯಾನ್. ಇಪ್ಪತ್ತು ಕೇಂದ್ರ ಸರಿಯಿದ್ದು ಒಂದು ಕೆಟ್ಟರೂ ಮೊತ್ತ ಕೆಡುತ್ತದೆ. ಹೀಗೆ ಹರಡುವಾಗ ಹೊಸದಾಗಿ ಯಾವ ಫ್ಲ್ಯಾಗೂ ಏರುವುದಿಲ್ಲ. ಹುಟ್ಟುವಾಗ ಮಾತ್ರ ಸದ್ದು, ಓಡಾಡುವಾಗ ಸದ್ದಿಲ್ಲ. ಫೈಲಿನಲ್ಲೇ 'ನ್ಯಾನ್' ಅಂತ ಬರೆದಿದ್ದು ನೀವು ಅದನ್ನು ಓದಿಕೊಂಡಿದ್ದರೆ ಹುಟ್ಟಿದ ಸದ್ದೂ ಇರುವುದಿಲ್ಲ.

ಇನ್ನೂ ಕೆಟ್ಟದ್ದು ಹೋಲಿಕೆ. ನ್ಯಾನ್ ಯಾವುದಕ್ಕೂ ಸಮ ಅಲ್ಲ, ತನಗೆ ತಾನೇ ಸಮ ಅಲ್ಲ. ಯಾವುದಕ್ಕಿಂತ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. 'ಇದು ಈವರೆಗಿನ ಗರಿಷ್ಠಕ್ಕಿಂತ ದೊಡ್ಡದಾ' ಅಂತ ಕೇಳಿದರೆ ಇಲ್ಲ ಅನ್ನುತ್ತದೆ, ಹಾಗಾಗಿ ಗರಿಷ್ಠ ಮಳೆಯ ಲೆಕ್ಕದಲ್ಲಿ ನ್ಯಾನ್ ಮಾಯ ಆಗುತ್ತದೆ. ಆದರೆ ಅದೇ ನ್ಯಾನ್ ಮೊದಲ ಕೇಂದ್ರದ್ದಾಗಿ, ಗರಿಷ್ಠವನ್ನು ಅದರಿಂದಲೇ ಶುರು ಮಾಡಿದ್ದರೆ ಕೊನೆವರೆಗೂ ಅದೇ ಕೂತಿರುತ್ತದೆ. ಕೇಂದ್ರಗಳ ಕ್ರಮ ಬದಲಾಯಿಸಿದರೆ ಉತ್ತರ ಬದಲಾಗುತ್ತದೆ! ನ್ಯಾನ್ ಇರುವ ಪಟ್ಟಿಯನ್ನು ಸಿ++ನ ಸಾರ್ಟ್‌ಗೆ ಕೊಟ್ಟರಂತೂ ಅದರ ನಿಯಮವೇ ಮುರಿಯುತ್ತದೆ, ಕ್ರಾಶ್ ಆದರೂ ಆಗಬಹುದು.

ಸರಿ, ಹಿಡಿಯುವುದು ಹೇಗೆ? ಎರಡು ಉಪಾಯ ಇವೆ. ಎರಡರ ಕೆಲಸ ಬೇರೆ ಬೇರೆ. ಕೆಳಗೆ ಫಂಕ್ಷನ್ ಹೆಸರುಗಳನ್ನು ಓದಿದ ಹಾಗೆ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ, ಎಲ್ಲ ಸಣ್ಣಕ್ಷರದಲ್ಲಿ, ಒಂದೇ ಪದವಾಗಿ ಬರೆಯಿರಿ.

ಬಗ್ ಹುಡುಕುವಾಗ ಟ್ರ್ಯಾಪ್ ಬಳಸಿ. ಫ್ಲ್ಯಾಗ್ ಏರಿಸಿ ಮುಂದೆ ಹೋಗಬೇಡ, ಅಲ್ಲೇ ನಿಲ್ಲು ಅಂತ ಪ್ರೊಸೆಸರಿಗೆ ಹೇಳುವುದು ಇದು. ಸಿ++ ಮಾನಕದಲ್ಲಿ ಇಲ್ಲ, ಆದರೆ ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ 'ಎಫ್ಇ-ಎನೇಬಲ್-ಎಕ್ಸೆಪ್ಟ್' ಅನ್ನುವ ಫಂಕ್ಷನ್ ಇದೆ. 'ಸಿ-ಎಫ್-ಇ-ಎನ್‌-ವಿ' ಹೆಡರ್ ಸೇರಿಸಿ, ಮೇನ್ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಇದನ್ನು ಕರೆಯಿರಿ. ಇನ್‌ವ್ಯಾಲಿಡ್, ಡಿವೈಡ್ ಬೈ ಝೀರೋ, ಓವರ್‌ಫ್ಲೋ, ಈ ಮೂರನ್ನು ಮಾತ್ರ ಕೊಡಿ. ಐದನ್ನೂ ಕೊಡುವ ಆಸೆ ಬೇಡ. 0.1ಕ್ಕೆ 0.2 ಕೂಡಿದರೂ ಇನ್‌ಎಕ್ಸಾಕ್ಟ್ ಏರುತ್ತದೆ, 1ನ್ನು 3ರಿಂದ ಭಾಗಿಸಿದರೂ ಏರುತ್ತದೆ. ನಿಮ್ಮ ಪ್ರೋಗ್ರಾಮ್ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಮೇನ್‌ನ ಶುರುವಿನಲ್ಲೇ ಯಾಕೆ ಅಂದರೆ, ಈ ಸೆಟ್ಟಿಂಗ್ ಪ್ರತಿ ಥ್ರೆಡ್ಡಿಗೂ ಬೇರೆ. ಹೊಸ ಥ್ರೆಡ್ ಹುಟ್ಟುವಾಗ ಹುಟ್ಟಿಸಿದ ಥ್ರೆಡ್ಡಿನಿಂದ ನಕಲು ಮಾಡಿಕೊಳ್ಳುತ್ತದೆ. ತಡವಾಗಿ ಹಾಕಿದರೆ ಆಗಲೇ ಹುಟ್ಟಿದವಕ್ಕೆ ತಾಗುವುದಿಲ್ಲ.

ಆಮೇಲೆ ಡೀಬಗ್ ಮಾಹಿತಿಗೆ ಮೈನಸ್ ಜಿ ಕೊಟ್ಟು, ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿ ಜಿಡಿಬಿಯಲ್ಲಿ ಓಡಿಸಿ. ಆ ಖಾಲಿ ಕೇಂದ್ರ ಬಂದ ಕ್ಷಣ ಜಿಡಿಬಿ ನಿಂತು, ಸಿಗ್‌ಎಫ್‌ಪಿಇ ಬಂದ ಫೈಲು, ಸಾಲಿನ ಸಂಖ್ಯೆ ತೋರಿಸುತ್ತದೆ. 'ಬಿಟಿ' ಅಂತ ಟೈಪ್ ಮಾಡಿದರೆ ಯಾರು ಯಾರನ್ನು ಕರೆದು ಇಲ್ಲಿಗೆ ಬಂತು ಅನ್ನುವ ಸರಣಿ ಪೂರ್ತಿ ಕಾಣುತ್ತದೆ. ಒಂದು ಹಂತ ಮೇಲೆ ಹೋಗಿ ಕೇಂದ್ರದ ಹೆಸರಿರುವ ವೇರಿಯಬಲ್ಲನ್ನು ಪ್ರಿಂಟ್ ಮಾಡಿ. ಯಾವ ಕೇಂದ್ರ, ಯಾವ ತಿಂಗಳು, ಎಣಿಕೆ ಎಷ್ಟು, ಎಲ್ಲ ಕೈಗೆ ಸಿಗುತ್ತದೆ. ಗಂಟೆಗಟ್ಟಲೆ ಪ್ರಿಂಟ್ ಸಾಲು ಹಾಕಿ ಹುಡುಕುವ ಬದಲು ಇದು ನಿಮಿಷದ ಕೆಲಸ.

ಎಚ್ಚರ ಒಂದಿದೆ. ಆ ಫಂಕ್ಷನ್ ವಾಪಸ್ ಕೊಡುವ ಸಂಖ್ಯೆ ನೋಡಿ. -1 ಬಂದರೆ ಆ ಪ್ರೊಸೆಸರಿನಲ್ಲಿ ಟ್ರ್ಯಾಪ್ ಸೌಲಭ್ಯವೇ ಇಲ್ಲ ಅಂತ ಅರ್ಥ. ಅನೇಕ ಎಆರ್‌ಎಂ ಪ್ರೊಸೆಸರ್‌ಗಳಲ್ಲಿ ಹೀಗೇ. ರಿಸ್ಕ್-ಫೈವ್ ವಿನ್ಯಾಸದಲ್ಲಂತೂ ಬೇಕೆಂದೇ ಟ್ರ್ಯಾಪ್ ಇಟ್ಟಿಲ್ಲ, ಫ್ಲ್ಯಾಗ್ ಮಾತ್ರ. ಐಐಟಿ ಮದ್ರಾಸಿನ 'ಶಕ್ತಿ' ಪ್ರೊಸೆಸರ್‌ಗಳು ಇದೇ ವಿನ್ಯಾಸದವು. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಮೈಕ್ರೋಸಾಫ್ಟ್ ಕಂಪೈಲರಿನ 'ಕಂಟ್ರೋಲ್-ಎಫ್‌ಪಿ' ಕುಟುಂಬದ ಫಂಕ್ಷನ್‌ಗಳಿವೆ.

ಇಲ್ಲಿ ನಿಮಗೆ ಒಂದು ಆಸೆ ಹುಟ್ಟುತ್ತದೆ ಅಂತ ಗೊತ್ತು. ಸಿಗ್‌ಎಫ್‌ಪಿಇಗೆ ಒಂದು ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಬರೆದು, ಅದರೊಳಗೆ ಥ್ರೋ ಮಾಡಿ, ಹೊರಗೆ ಕ್ಯಾಚ್ ಮಾಡಿದರೆ ಆಯ್ತಲ್ವಾ ಅಂತ. ಬೇಡ. ಹ್ಯಾಂಡ್ಲರಿನಿಂದ ಸುಮ್ನೆ ವಾಪಸ್ ಬಂದರೆ ಪ್ರೊಸೆಸರ್ ಅದೇ ಭಾಗಾಕಾರವನ್ನು ಮತ್ತೆ ಮಾಡುತ್ತದೆ, ಮತ್ತೆ ಸಿಗ್ನಲ್, ಮತ್ತೆ ಹ್ಯಾಂಡ್ಲರ್. ಪ್ರೋಗ್ರಾಮ್ ಅಲ್ಲೇ ಸುತ್ತುತ್ತಾ ಇರುತ್ತದೆ. ಹೀಗೆ ವಾಪಸ್ ಬಂದರೆ ಏನಾಗುತ್ತದೆ ಅಂತ ಮಾನಕವೂ ಮಾತು ಕೊಟ್ಟಿಲ್ಲ. ಸಿಗ್ನಲ್ ಹ್ಯಾಂಡ್ಲರಿನಿಂದ ಥ್ರೋ ಮಾಡುವುದಕ್ಕೆ ಜಿಸಿಸಿಯಲ್ಲಿ ಬೇರೆ ಆಯ್ಕೆಯನ್ನೇ ಕೊಡಬೇಕು, ಕೊಟ್ಟರೂ ಅದು ಬೇರೆ ಯಂತ್ರಕ್ಕೆ ಸಾಗುವ ಕೋಡ್ ಅಲ್ಲ. ಹ್ಯಾಂಡ್ಲರ್ ಬೇಕೇ ಬೇಕು ಅಂದರೆ ಒಂದು ಸಾಲು ಲಾಗ್ ಬರೆದು ಪ್ರೋಗ್ರಾಮ್ ಮುಗಿಸಿ, ಅಷ್ಟೇ. ಆ ಲಾಗ್‌ಗೂ ಪ್ರಿಂಟ್‌ಎಫ್ ಬೇಡ, ಸಿಗ್ನಲ್ ಹ್ಯಾಂಡ್ಲರಿನಲ್ಲಿ ಅದು ಸುರಕ್ಷಿತ ಅಲ್ಲ. ನೇರ 'ರೈಟ್' ಬಳಸಿ.

ಟ್ರ್ಯಾಪನ್ನು ಜನ ಬಳಸುವ ಪ್ರೋಗ್ರಾಮಿನಲ್ಲಿ ಹಾಗೇ ಬಿಡಬೇಕಾ ಅನ್ನುವುದು ಮುಂದಿನ ಪ್ರಶ್ನೆ. ನನ್ನ ಉತ್ತರ ಇಲ್ಲ. ಇದಕ್ಕೆ ಏರಿಯಾನ್ 5ರ ಮೊದಲ ಹಾರಾಟಕ್ಕಿಂತ ಒಳ್ಳೆಯ ಪಾಠ ಇಲ್ಲ. ನಮ್ಮ ಇನ್ಸಾಟ್-2ಎ 1992ರಲ್ಲಿ ಏರಿಯಾನ್ 4ರ ಮೇಲೆ ಹೋಗಿತ್ತಲ್ಲ, ಅದರ ಮುಂದಿನ ತಲೆಮಾರಿನ ರಾಕೆಟ್ ಇದು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಿಂದ ಎದ್ದಿತು, ನಲವತ್ತು ಸೆಕೆಂಡ್ ಆಗುವಷ್ಟರಲ್ಲಿ ಚೂರುಚೂರಾಯಿತು. ದಿಕ್ಕು ಹೇಳುವ ಕಂಪ್ಯೂಟರಿನ ಏಡಾ ಕೋಡ್‌ನಲ್ಲಿ 64 ಬಿಟ್ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯೊಂದನ್ನು 16 ಬಿಟ್ ಪೂರ್ಣಾಂಕ ಮಾಡುತ್ತಿದ್ದರು. ಏರಿಯಾನ್ 4ರಲ್ಲಿ ಆ ಸಂಖ್ಯೆ ಯಾವತ್ತೂ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಏರಿಯಾನ್ 5ರ ದಾರಿ ಬೇರೆ, ವೇಗ ಜಾಸ್ತಿ. ಸಂಖ್ಯೆ 32767 ದಾಟಿತು. ಎಕ್ಸೆಪ್ಶನ್ ಬಂತು, ಹಿಡಿಯುವವರು ಇರಲಿಲ್ಲ, ಕಂಪ್ಯೂಟರ್ ತನ್ನನ್ನು ತಾನೇ ಬಂದ್ ಮಾಡಿಕೊಂಡಿತು. ಬದಲಿ ಕಂಪ್ಯೂಟರಿನಲ್ಲೂ ಅದೇ ಕೋಡ್. ಅದು ಒಂದು ಕ್ಷಣ ಮೊದಲೇ ಅದೇ ಕಾರಣಕ್ಕೆ ಬಂದ್ ಆಗಿತ್ತು. ಬಂದ್ ಆದ ಕಂಪ್ಯೂಟರ್ ಕಳಿಸಿದ ದೋಷದ ಮಾಹಿತಿಯನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಅಂದುಕೊಂಡು ನಳಿಕೆಗಳನ್ನು ಪೂರಾ ತಿರುಗಿಸಿಬಿಟ್ಟಿತು.

ಹೊಟ್ಟೆ ಉರಿಯುವ ಸಂಗತಿ ಅಂದರೆ, ಆ ಲೆಕ್ಕ ರಾಕೆಟ್ ನೆಲ ಬಿಟ್ಟ ಮೇಲೆ ಏರಿಯಾನ್ 5ಕ್ಕೆ ಬೇಕಾಗಿಯೇ ಇರಲಿಲ್ಲ. ಹಳೆ ರಾಕೆಟ್ಟಿಗೆ ಬೇಕಿತ್ತು ಅಂತ ಉಳಿದಿತ್ತು. ಏನೋ ಒಂದು ತಪ್ಪು ಸಂಖ್ಯೆ ಇಟ್ಟುಕೊಂಡು ಮುಂದೆ ಹೋಗಿದ್ದರೆ ಆ ತಪ್ಪಿನಿಂದ ರಾಕೆಟ್ ಬೀಳುತ್ತಿರಲಿಲ್ಲ. ನಿಮ್ಮ ಮಳೆ ಪ್ರೋಗ್ರಾಮ್ ರಾಕೆಟ್ ಅಲ್ಲ, ನಿಜ. ಆದರೆ ಒಂದು ಕೇಂದ್ರ ಖಾಲಿ ಅಂತ ಇಡೀ ರಾಜ್ಯದ ವರದಿ ನಿಲ್ಲಬೇಕಾ?

ಓಡುವ ಪ್ರೋಗ್ರಾಮಿಗೆ ಎರಡನೆಯ ಉಪಾಯ, ಫ್ಲ್ಯಾಗ್ ನೋಡುವುದು. ಲೆಕ್ಕದ ಒಂದು ಕಂತು ಶುರು ಮಾಡುವ ಮೊದಲು 'ಎಫ್ಇ-ಕ್ಲಿಯರ್-ಎಕ್ಸೆಪ್ಟ್' ಕರೆದು ಎಲ್ಲ ಫ್ಲ್ಯಾಗ್ ಇಳಿಸಿ. ಕಂತು ಮುಗಿದ ಮೇಲೆ 'ಎಫ್ಇ-ಟೆಸ್ಟ್-ಎಕ್ಸೆಪ್ಟ್' ಕರೆದು ಅದೇ ಮೂರು ಫ್ಲ್ಯಾಗ್ ಕೇಳಿ. ಏರಿದ್ದರೆ ಆ ಜಿಲ್ಲೆಯ ಮೇಲೆ ಗುರುತು ಹಾಕಿ, ಅಥವಾ ಈಗ ನೀವೇ ಧಾರಾಳವಾಗಿ ಥ್ರೋ ಮಾಡಿ. ಇದು ನೀವು ಬರೆದ ಥ್ರೋ, ನಿಮ್ಮ ಕ್ಯಾಚ್ ಇದನ್ನು ಹಿಡಿಯುತ್ತದೆ. ಪ್ರತಿ ಸಾಲಿಗೂ ಕೇಳಬೇಡಿ. ಫ್ಲ್ಯಾಗ್ ತಾನಾಗಿ ಇಳಿಯುವುದಿಲ್ಲವಾದ್ದರಿಂದ ಜಿಲ್ಲೆಗೊಂದು ಸಲ ಕೇಳಿದರೆ ಸಾಕು.

ಈ ದಾರಿಯಲ್ಲಿ ಕಾಟ ಕೊಡುವವನು ಕಂಪೈಲರ್. ಫ್ಲ್ಯಾಗ್ ಅನ್ನುವುದು ಅದರ ಕಣ್ಣಿಗೆ ಬೀಳುವ ವಸ್ತು ಅಲ್ಲ. ಭಾಗಾಕಾರವನ್ನು ಟೆಸ್ಟ್‌ನ ಆಚೆಗೆ ಜರುಗಿಸಬಹುದು, ಉತ್ತರ ಯಾರಿಗೂ ಬೇಡ ಅನ್ನಿಸಿದರೆ ಅಳಿಸಿಯೇ ಬಿಡಬಹುದು. ಇದನ್ನು ತಡೆಯಲು ಸಿ ಮಾನಕದಲ್ಲಿ 'ಫೆನ್ವ್ ಆಕ್ಸೆಸ್' ಅನ್ನುವ ಪ್ರಾಗ್ಮಾ (ಕಂಪೈಲರಿಗೆ ಕೊಡುವ ಸೂಚನೆ) ಇದೆ, ಜಿಸಿಸಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಭರವಸೆ ಇರುವ ದಾರಿ ಅಂದರೆ ಲೆಕ್ಕದ ಕಂತನ್ನು ಬೇರೆ ಫೈಲಿನಲ್ಲಿ ಬೇರೆ ಫಂಕ್ಷನ್ ಮಾಡಿ ಇಡುವುದು, ಲಿಂಕ್ ಮಾಡುವಾಗಿನ ಆಪ್ಟಿಮೈಸೇಶನ್ ಹಾಕದಿರುವುದು. ಆಗ ಕಂಪೈಲರಿಗೆ ಒಳಗೆ ಏನಿದೆ ಅಂತ ಕಾಣುವುದಿಲ್ಲ, ಜರುಗಿಸುವ ಧೈರ್ಯ ಮಾಡುವುದಿಲ್ಲ.

'ಫಾಸ್ಟ್ ಮ್ಯಾತ್' ಆಯ್ಕೆ ಹಾಕಿದ್ದೀರಾ, ಅಥವಾ ಮೈನಸ್ ಓಫಾಸ್ಟ್? ಹಾಕಿದ್ದರೆ ಮೇಲೆ ಬರೆದದ್ದೆಲ್ಲ ನೀರಿನಲ್ಲಿ ಹೋಮ. ನ್ಯಾನ್ ಇರುವುದೇ ಇಲ್ಲ ಅಂತ ನೀವು ಕಂಪೈಲರಿಗೆ ಮಾತು ಕೊಟ್ಟ ಹಾಗೆ. 'ಈಸ್-ನ್ಯಾನ್' ಅಂತ ಕೇಳುವ ಸಾಲನ್ನೇ ಅದು 'ಸುಳ್ಳು' ಅಂತ ಬದಲಿಸಿ ಎಸೆಯುತ್ತದೆ. ಕಣ್ಣೆದುರು ನ್ಯಾನ್ ಪ್ರಿಂಟ್ ಆಗುತ್ತಿದ್ದರೂ ಈಸ್-ನ್ಯಾನ್ ಇಲ್ಲ ಅನ್ನುತ್ತಿದ್ದರೆ ಮೊದಲು ಕಂಪೈಲ್ ಆಯ್ಕೆಗಳಿರುವ ಮೇಕ್‌ಫೈಲ್ ತೆಗೆದು ನೋಡಿ.

ಬೇರೆ ಭಾಷೆಗಳಲ್ಲಿ ಹೇಗೆ ಅಂತ ಎರಡು ಮಾತು. ಜಾವಾದಲ್ಲಿ ಡಬಲ್ ಲೆಕ್ಕ ಯಾವತ್ತೂ ಎಕ್ಸೆಪ್ಶನ್ ಎಸೆಯುವುದಿಲ್ಲ, ಇಂಟ್‌ನ ಸೊನ್ನೆ ಭಾಗಾಕಾರ ಮಾತ್ರ ಎಸೆಯುತ್ತದೆ. ಪೈಥಾನ್ 1.0ಅನ್ನು 0.0ಯಿಂದ ಭಾಗಿಸಿದರೆ ಎಸೆಯುತ್ತದೆ, ಆದರೆ ಇನ್ಫಿನಿಟಿಯಿಂದ ಇನ್ಫಿನಿಟಿ ಕಳೆದರೆ ಸುಮ್ಮನೆ ನ್ಯಾನ್ ಕೊಡುತ್ತದೆ. ಪೈಥಾನಿನ ಲೆಕ್ಕದ ಲೈಬ್ರರಿ ನಂಪೈನಲ್ಲಿ 'ಸೆಟ್-ಎರ್' ಬಳಸಿ ಎಚ್ಚರಿಕೆಯೋ ಎಕ್ಸೆಪ್ಶನ್ನೋ ಅಂತ ನೀವೇ ಆರಿಸಬಹುದು, ಈ ವಿಷಯದಲ್ಲಿ ನಾನು ಕಂಡ ಅತ್ಯಂತ ಚೊಕ್ಕ ಏರ್ಪಾಡು ಅದೇ. ಫೋರ್‌ಟ್ರಾನ್‌ನಲ್ಲಿ 2003ರ ಮಾನಕದಿಂದ ಫ್ಲ್ಯಾಗ್ ಕೇಳುವ ಮಾಡ್ಯೂಲ್ ಭಾಷೆಯೊಳಗೇ ಇದೆ. ಅದರ ಕಂಪೈಲರ್ ಜಿಫೋರ್‌ಟ್ರಾನ್ ಅಂತೂ ಸ್ಟಾಪ್ ಹೇಳಿಕೆಗೆ ಬಂದಾಗ ಯಾವ ಫ್ಲ್ಯಾಗ್ ಏರಿವೆ ಅಂತ ತಾನಾಗಿಯೇ ಹೇಳಿ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಪ್ರೋಗ್ರಾಮಿಗೆ ಬೇಕಾದ ತಿದ್ದುಪಡಿ ಒಂದೇ ಸಾಲಿನದು: ಭಾಗಿಸುವ ಮೊದಲು ದಿನಗಳ ಎಣಿಕೆ ಸೊನ್ನೆಯೇ ಅಂತ ನೋಡಿ. ಟ್ರ್ಯಾಪ್, ಫ್ಲ್ಯಾಗ್ ಎಲ್ಲ ನೀವು ಊಹಿಸದ ಕಡೆಗೆ. ಖಾಲಿ ಕೇಂದ್ರ ಇರುತ್ತದೆ ಅಂತ ಈಗ ನಿಮಗೆ ಗೊತ್ತು.

ಆದರೆ ಎಣಿಕೆ ಸೊನ್ನೆ ಆದಾಗ ಸರಾಸರಿಗೆ ಸೊನ್ನೆ ತುಂಬಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮಳೆ ಲೆಕ್ಕದಲ್ಲಿ ಸೊನ್ನೆ ಮಿಲಿಮೀಟರ್ ಅಂದರೆ ಮಾಪಕ ನೋಡಿದರು, ಮಳೆ ಬಿದ್ದಿರಲಿಲ್ಲ. ದಾಖಲೆ ಇಲ್ಲ ಅಂದರೆ ಯಾರೂ ನೋಡಲಿಲ್ಲ, ಅಥವಾ ಮಾಪಕ ಕೆಟ್ಟಿತ್ತು. ಜುಲೈ ತಿಂಗಳಲ್ಲಿ ಆಗುಂಬೆ ಕಡೆಯ ಒಂದು ಕೇಂದ್ರದ ದಾಖಲೆ ಬರದೆ, ನೀವು ಅಲ್ಲಿ ಸೊನ್ನೆ ಹಾಕಿದರೆ ಜಿಲ್ಲೆಯ ಸರಾಸರಿ ಎಷ್ಟು ಕೆಳಗೆ ಹೋದೀತು ಯೋಚಿಸಿ. ಆ ಸೊನ್ನೆಗಿಂತ ನ್ಯಾನೇ ಎಷ್ಟೋ ಪ್ರಾಮಾಣಿಕ. ಸಿ++17ರಿಂದ 'ಆಪ್ಷನಲ್' ಇದೆ, ಅದರೊಳಗೆ ಉತ್ತರ ಇರಬಹುದು, ಖಾಲಿಯೂ ಇರಬಹುದು; ಸರಾಸರಿಯ ಫಂಕ್ಷನ್ ಅದನ್ನು ವಾಪಸ್ ಕೊಡಲಿ. ಖಾಲಿ ಬಂದ ಕೇಂದ್ರವನ್ನು ಜಿಲ್ಲೆಯ ಮೊತ್ತದಿಂದಲೂ, ಎಣಿಕೆಯಿಂದಲೂ ಎರಡೂ ಕಡೆ ಬಿಡಿ. ವರದಿಯಲ್ಲಿ 'ಇಷ್ಟು ಕೇಂದ್ರಗಳಲ್ಲಿ ಇಷ್ಟರ ದಾಖಲೆ ಇದೆ' ಅಂತ ಒಂದು ಕಾಲಂ ಸೇರಿಸಿ.

ಕೊನೆಗೆ ಒಂದು ಜಾಗ ಪರೀಕ್ಷಿಸಿ. ಸರಾಸರಿಯನ್ನು ಎಲ್ಲಾದರೂ ಇಂಟ್‌ಗೆ ಬದಲಿಸಿ ವರದಿಗೆ ಹಾಕುತ್ತಿದ್ದೀರಾ? ನ್ಯಾನನ್ನು ಇಂಟ್ ಮಾಡಿದರೆ ಏನಾಗಬೇಕು ಅಂತ ಸಿ++ ಹೇಳುವುದಿಲ್ಲ. ನಿಮ್ಮ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ -2147483648 ಬರುತ್ತದೆ, ಅದು ನೋಡಿದವರಿಗೆ ಕಣ್ಣಿಗೆ ರಾಚುತ್ತದೆ. ಅದೇ ಕೋಡನ್ನು ಎಆರ್‌ಎಂ ಸರ್ವರಿಗೆ ಹಾಕಿದರೆ ಸೊನ್ನೆ ಬರುತ್ತದೆ. ಆ ಸೊನ್ನೆಯನ್ನು ಓದಿದವರು ಮಳೆ ಬಂದಿಲ್ಲ ಅಂದುಕೊಳ್ಳುತ್ತಾರೆ.